ಶ್ರುತಿ ಕೂಡದ ಮೂವತ್ತೈದು ನಿಮಿಷ: ವಾನ್ ವಿಲಿಯಮ್ಸ್ ಅವರ ಆರನೇ ಸಿಂಫನಿ ಕೇಳುವುದು ಹೇಗೆ?

ಸಿಂಫನಿ ಅಂದರೆ ಆರ್ಕೆಸ್ಟ್ರಾ, ಅಂದರೆ ದೊಡ್ಡ ವಾದ್ಯವೃಂದ, ನುಡಿಸಲು ಬರೆದ ಹಲವು ಭಾಗಗಳ ಉದ್ದನೆಯ ಕೃತಿ. ಈ ಸಿಂಫನಿಯನ್ನು ನಾನು ಮೊದಲ ಸಲ ಕೇಳಿದ್ದು ಬಸ್ಸಿನಲ್ಲಿ. ಹಿಂದಿನ ಸೀಟು, ಗಡಗಡ ಅನ್ನುವ ಕಿಟಕಿ ಗಾಜು, ಅಗ್ಗದ ಇಯರ್‌ಫೋನು. ಮೂರು ಭಾಗ ಹೇಗೋ ಕೇಳಿಸಿತು. ನಾಲ್ಕನೆಯದು ಶುರುವಾದಾಗ ಫೋನೇ ಕೆಟ್ಟಿತೇನೋ ಅಂದುಕೊಂಡು ವಾಲ್ಯೂಮ್ ಪೂರ್ತಿ ಏರಿಸಿದೆ. ಸರಿಯಾಗಿ ಆಗಲೇ ಜಾಹೀರಾತು ಬರಬೇಕೇ? ಸಾಲ ಬೇಕಾ ಸಾಲ ಅಂತ ಒಬ್ಬ ಕಿವಿಯೊಳಗೇ ಕಿರುಚಿದ. ನಾನು ಬೆಚ್ಚಿಬಿದ್ದದ್ದನ್ನು ನೋಡಿ ಪಕ್ಕದವರು ನಕ್ಕರು.

ಆ ಪಾಡು ನಿಮಗೆ ಬೇಡ. ಕರ್ನಾಟಕ ಸಂಗೀತವೋ ಸಿನಿಮಾ ಹಾಡೋ ಕೇಳಿ ಅಭ್ಯಾಸವಿದ್ದು, ಪಾಶ್ಚಾತ್ಯ ಆರ್ಕೆಸ್ಟ್ರಾದ ಹತ್ತಿರ ಅಷ್ಟಾಗಿ ಹೋಗದವರಿಗೆ ಅಂತ ಇದನ್ನು ಬರೆಯುತ್ತಿದ್ದೇನೆ. ಥಿಯರಿ ಬೇಡ. ಮನೆಯಲ್ಲಿ ಒಂದು ಹಾರ್ಮೋನಿಯಂ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಫೋನಿನ ಪಿಯಾನೋ ಆ್ಯಪ್ ಸಾಕು.

ಕೃತಿಯ ಪರಿಚಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಬರೆದವರು ಇಂಗ್ಲೆಂಡಿನ ರೇಫ್ ವಾನ್ ವಿಲಿಯಮ್ಸ್, 1872ರಲ್ಲಿ ಹುಟ್ಟಿದವರು. ಹೆಸರು ರಾಲ್ಫ್ ಅಂತಲೇ ಬರೆಯುವುದು, ಆದರೆ ಅವರು ರೇಫ್ ಅನ್ನಿಸಿಕೊಳ್ಳುತ್ತಿದ್ದರು. ಹುಡುಕುವಾಗ ರಾಲ್ಫ್ ಅಂತಲೇ ಟೈಪ್ ಮಾಡಿ. ಹಳ್ಳಿಹಳ್ಳಿ ಸುತ್ತಿ ಜನಪದ ಹಾಡು ಕೂಡಿಹಾಕಿದ ಮನುಷ್ಯ. 1943ರಲ್ಲಿ ಬಂದ ಅವರ ಐದನೇ ಸಿಂಫನಿ ತಂಪು ಸಂಜೆಯ ಹಾಗಿದೆ. ಅಜ್ಜ ಇನ್ನು ಹೀಗೇ ಶಾಂತವಾಗಿ ಬರೆದುಕೊಂಡಿರುತ್ತಾರೆ ಅಂತ ಜನ ಅಂದುಕೊಂಡಿದ್ದರು. 1948ರ ಏಪ್ರಿಲ್ 21ರಂದು ಲಂಡನ್ನಿನ ಆಲ್ಬರ್ಟ್ ಹಾಲ್‌ನಲ್ಲಿ ಬಿಬಿಸಿ ಸಿಂಫನಿ ಆರ್ಕೆಸ್ಟ್ರಾ ಈ ಆರನೆಯದನ್ನು ನುಡಿಸಿತು. ಕಂಡಕ್ಟರ್, ಅಂದರೆ ಮುಂದೆ ನಿಂತು ವಾದ್ಯವೃಂದವನ್ನು ನಡೆಸಿಕೊಟ್ಟವರು, ಏಡ್ರಿಯನ್ ಬೌಲ್ಟ್. ಬರೆದವರಿಗೆ ಆಗ 75. ಕೇಳಿದವರು ತತ್ತರಿಸಿದರು. ಹಾಗಂತ ದೂರ ಓಡಲಿಲ್ಲ. ಎರಡೇ ವರ್ಷದಲ್ಲಿ ನೂರರಷ್ಟು ಸಲ ಇದು ಅಲ್ಲಿ ಇಲ್ಲಿ ವೇದಿಕೆ ಏರಿತು.

ಮೊದಲು ಫೋನು, ಫ್ಯಾನು, ಹೊತ್ತು

ಇದನ್ನು ಹಗಲಲ್ಲಿ ಕೇಳಬೇಡಿ. ರಾತ್ರಿ ಹತ್ತರ ಮೇಲೆ, ಪಕ್ಕದ ಮನೆ ಟಿವಿ ನಿಂತ ಮೇಲೆ ಕೂತುಕೊಳ್ಳಿ. ಕಾರಣ ಸರಳ. ಕೊನೆಯ ಹನ್ನೊಂದು ನಿಮಿಷ ಪಿಸುಮಾತಿಗಿಂತ ಮೇಲೆ ಏರುವುದೇ ಇಲ್ಲ. ಸೀಲಿಂಗ್ ಫ್ಯಾನ್ ತಿರುಗುತ್ತಿದ್ದರೆ ಅದೇ ಜಾಸ್ತಿ ಕೇಳಿಸುತ್ತದೆ. ಸೆಕೆಗಾಲವಾದರೂ ಅರ್ಧ ಗಂಟೆ ತಡೆದುಕೊಳ್ಳಿ.

ಫೋನಿನ ಸ್ಪೀಕರ್ ಖಂಡಿತ ಬೇಡ. ಕಿವಿ ಮುಚ್ಚುವಂಥ ಹೆಡ್‌ಫೋನ್ ಒಳ್ಳೆಯದು. ಆಮೇಲೆ ಆ್ಯಪ್‌ನ ಸೆಟ್ಟಿಂಗ್ಸ್‌ಗೆ ಹೋಗಿ ಎರಡು ಗುಂಡಿ ಆಫ್ ಮಾಡಿ. ಒಂದು, ಎಲ್ಲ ಹಾಡನ್ನೂ ಒಂದೇ ಮಟ್ಟದ ಸದ್ದಿಗೆ ತರುವುದು, ಅಂದರೆ ನಾರ್ಮಲೈಸ್. ಇನ್ನೊಂದು, ಒಂದು ಹಾಡಿನ ಬಾಲವನ್ನು ಮುಂದಿನದರ ಮೇಲೆ ಬೆರೆಸುವ ಕ್ರಾಸ್‌ಫೇಡ್. ಗ್ಯಾಪ್‌ಲೆಸ್ ಅನ್ನುವುದು ಕಂಡರೆ ಅದನ್ನು ಆನ್ ಮಾಡಿ. ಈ ಸಿಂಫನಿಯ ನಾಲ್ಕು ಭಾಗಗಳ ನಡುವೆ ಬಿಡುವಿಲ್ಲ. ಮೊದಲ ಮೂರರ ಬಾಲ ಪಕ್ಕದ್ದರ ತಲೆಗೆ ಅಂಟಿಕೊಂಡಿದೆ ಅಂತ ವಾನ್ ವಿಲಿಯಮ್ಸ್ ತಾವೇ ತಮಾಷೆಯಾಗಿ ಬರೆದಿದ್ದರು. ಆ ಅಂಟನ್ನು ಆ್ಯಪ್ ಕಿತ್ತುಹಾಕಬಾರದು, ಅಲ್ವಾ?

ಜಾಹೀರಾತು ಬರುವ ಕಡೆ ಕೇಳಲೇಬೇಡಿ. ಅದರ ರುಚಿ ನನಗೆ ಗೊತ್ತು.

ವಾಲ್ಯೂಮ್ ಇಡುವುದಕ್ಕೆ ಒಂದು ಉಪಾಯವಿದೆ. ಮೊದಲ ಅರ್ಧ ನಿಮಿಷ ಹಾಕಿ ನೋಡಿ. ಸದ್ದು ಜೋರು, ಆದರೆ ತಡೆದುಕೊಳ್ಳಬಹುದು ಅನ್ನಿಸುವಲ್ಲಿ ನಿಲ್ಲಿಸಿ. ಆಮೇಲೆ ಕೊನೆಯ ತನಕ ಅದನ್ನು ಮುಟ್ಟಬೇಡಿ. ನಾಲ್ಕನೇ ಭಾಗದಲ್ಲಿ ಏನೂ ಕೇಳುತ್ತಿಲ್ಲ ಅಂತ ಕೈ ತಾನಾಗಿಯೇ ಹೋಗುತ್ತದೆ. ಹೋಗದ ಹಾಗೆ ಫೋನನ್ನು ಮೇಜಿನ ಆಚೆ ತುದಿಗೆ ಇಡಿ.

ಯಾವ ರೆಕಾರ್ಡಿಂಗು?

ಹತ್ತಾರು ಇವೆ. ತಲೆ ಕೆಡಿಸಿಕೊಳ್ಳಬೇಡಿ. ಮೊದಲ ಸಲಕ್ಕೆ ಬೌಲ್ಟ್ 1967ರಲ್ಲಿ ನ್ಯೂ ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾ ಜೊತೆ ಮಾಡಿದ್ದನ್ನು ಹಾಕಿ. ಮೊದಲ ಪ್ರದರ್ಶನ ಕೊಟ್ಟವರೇ ಹತ್ತೊಂಬತ್ತು ವರ್ಷ ಆದ ಮೇಲೆ, ಎಲ್ಲೂ ಗಡಿಬಿಡಿ ಇಲ್ಲದೆ ಮಾಡಿದ್ದು. ನಾನು ಇದನ್ನೇ ಹೇಳುವುದಕ್ಕೆ ನಮ್ಮ ಮೈಸೂರಿನ ನೆಂಟಸ್ತಿಕೆಯೂ ಒಂದು ಕಾರಣ. ಈ ವಾದ್ಯವೃಂದ ಫಿಲ್‌ಹಾರ್ಮೋನಿಯಾ ಅಂತಷ್ಟೇ ಇದ್ದ ಕಾಲದಲ್ಲಿ, 1940ರ ದಶಕದ ಕೊನೆಗೆ, ಅದಕ್ಕೆ ದುಡ್ಡು ಕೊಟ್ಟು ನಿಲ್ಲಿಸಿದವರಲ್ಲಿ ಜಯಚಾಮರಾಜ ಒಡೆಯರ್ ಒಬ್ಬರು. ಶ್ರೀವಿದ್ಯಾ ಅಂಕಿತದಲ್ಲಿ ಕೃತಿ ಕಟ್ಟುತ್ತಿದ್ದ ಕೈಯೇ ಲಂಡನ್ನಿಗೂ ಚೆಕ್ ಬರೆಯುತ್ತಿತ್ತು. 1964ರಲ್ಲಿ ಸ್ಥಾಪಕರು ಅದನ್ನು ಮುಚ್ಚಲು ಹೊರಟಾಗ ವಾದಕರೇ ಸೇರಿ ಹೆಸರಿಗೆ 'ನ್ಯೂ' ಸೇರಿಸಿಕೊಂಡು ಮುಂದುವರಿಸಿದರು.

ಹೊಸ ಕಾಲದ ಸ್ವಚ್ಛ ಸದ್ದು ಬೇಕೆಂದರೆ ಆ್ಯಂಡ್ರೂ ಡೇವಿಸ್ ಬಿಬಿಸಿ ಸಿಂಫನಿ ಜೊತೆ ಮಾಡಿದ್ದಿದೆ. ಆಂಟೋನಿಯೋ ಪಪ್ಪಾನೋ ಲಂಡನ್ ಸಿಂಫನಿ ಆರ್ಕೆಸ್ಟ್ರಾ ಜೊತೆ 2020ರ ಮಾರ್ಚ್‌ನಲ್ಲಿ ಸಭಿಕರ ಮುಂದೆ ನುಡಿಸಿದ್ದೂ ಸಿಗುತ್ತದೆ. ಕೋವಿಡ್ಡಿಗೆ ಅಲ್ಲಿನ ಸಭಾಂಗಣಗಳು ಬಾಗಿಲು ಹಾಕುವ ಹೊತ್ತು ಅದು. ಅದನ್ನು ಎರಡನೆಯ ಸಲಕ್ಕೆ ಇಟ್ಟುಕೊಳ್ಳಿ. ಸ್ಟೊಕೋವ್ಸ್ಕಿಯವರ 1949ರ ನ್ಯೂಯಾರ್ಕ್ ರೆಕಾರ್ಡಿಂಗ್ ಹಳೆಯ ಮೋನೋ, ಎರಡೂ ಕಿವಿಗೆ ಒಂದೇ ಸದ್ದು. ಆಮೇಲೆ ಯಾವಾಗಾದರೂ ಕೇಳಿದರೆ ಸಾಕು.

ಹಾರ್ಮೋನಿಯಂ ಮುಂದೆ ಹತ್ತು ನಿಮಿಷ

ಈ ಹೆಜ್ಜೆಯನ್ನು ದಯವಿಟ್ಟು ಬಿಡಬೇಡಿ. ಲೇಖನದಲ್ಲಿ ಇದೊಂದನ್ನೇ ಮಾಡಿದರೂ ಸಿಂಫನಿ ಅರ್ಧ ಕೈಗೆ ಸಿಕ್ಕ ಹಾಗೆ.

ನಮ್ಮ ಕಡೆ ಕಛೇರಿ ಶುರುವಾಗುವುದು ತಂಬೂರಿಯಿಂದ. ಷಡ್ಜ ಎಲ್ಲಿದೆ ಅಂತ ಮೊದಲೇ ಗೊತ್ತಾಗಿಬಿಡುತ್ತದೆ. ಗಾಯಕ ಎಲ್ಲೇ ಅಲೆದರೂ ಮನೆ ಅಲ್ಲೇ ಇರುತ್ತದೆ. ಈ ಸಿಂಫನಿಯಲ್ಲಿ ಒಂದು ಮನೆಗೆ ಇಬ್ಬರು ಯಜಮಾನರು, ಅದೂ ಅರ್ಧ ಸ್ವರದ ಅಂತರದಲ್ಲಿ. ಎಲ್ಲ ಗಲಾಟೆಯೂ ಅಲ್ಲಿಂದಲೇ.

ಮನೆಗಳನ್ನು ಸಿ ಇಂದ ಬಲಕ್ಕೆ ಎಣಿಸುವುದು, ಬಿಳಿಯದು ಬೇರೆ, ಕರಿಯದು ಬೇರೆ; ಎರಡು ಕರಿ ಮನೆಗಳ ಗುಂಪಿನ ಎಡಕ್ಕೆ ಅಂಟಿಕೊಂಡ ಬಿಳಿಯೇ ಸಿ, ಅಂದರೆ ಬಿಳಿ 1. ಬಿಳಿ 3ನ್ನು ಒತ್ತಿ ಹಿಡಿಯಿರಿ. ಅದು ಇ. ಈ ಸಿಂಫನಿಯ ಹೆಸರಿಗೆ ಇರುವ ಶ್ರುತಿ ಅದು, ಇ ಮೈನರ್, ಅಂದರೆ ಇಯನ್ನೇ ಷಡ್ಜ ಮಾಡಿಕೊಂಡು ಸಾಧಾರಣ ಗಾಂಧಾರ ಹಿಡಿಯುವ ಸ್ವರಗಳು. ಈಗ ಅದರ ಜೊತೆಗೇ ಪಕ್ಕದ ಬಿಳಿ 4ನ್ನೂ, ಅಂದರೆ ಎಫ್ ಅನ್ನೂ, ಒತ್ತಿ. ಸ ಮತ್ತು ಶುದ್ಧ ರಿಷಭ ಒಟ್ಟಿಗೆ. ಹಲ್ಲು ಜುಮ್ ಅನ್ನುತ್ತದೆ, ಅಲ್ವಾ? ಸಿಂಫನಿ ಶುರುವಾಗುವುದೇ ಈ ಜುಮ್ಮಿನಿಂದ. ಎಫ್ ಮೈನರ್ ಮೂಲಕ ನುಗ್ಗಿಕೊಂಡು ಬಂದು ಇ ಮೈನರ್‌ಗೆ ಬೀಳುತ್ತದೆ. ಆ ಬೀಳುವುದನ್ನೂ ನುಡಿಸಿ ನೋಡಬಹುದು. ಕರಿ 4ನ್ನು ಜೋರಾಗಿ ಒತ್ತಿ ಬಿಳಿ 5ಕ್ಕೆ ಇಳಿಯಿರಿ. ಅರ್ಧ ಸ್ವರ ಜಾರಿದಿರಿ, ಅಷ್ಟೆ. ಇಡೀ ಆರ್ಕೆಸ್ಟ್ರಾ ಅದನ್ನು ಮಾಡಿದಾಗ ಮೆಟ್ಟಿಲು ತಪ್ಪಿ ಬಿದ್ದ ಹಾಗೆ ಇರುತ್ತದೆ.

ಇನ್ನು ಕೊನೆಗೆ ಬರುವ ಎರಡು ಕಾರ್ಡ್‌ಗಳು, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು. ಕರಿ 2, ಬಿಳಿ 5, ಕರಿ 5, ಈ ಮೂರನ್ನೂ ಒಟ್ಟಿಗೆ ಮೆಲ್ಲಗೆ ಒತ್ತಿ. ಮಧ್ಯದ ಬೆರಳು ಅಲ್ಲೇ ಇರಲಿ. ಆಚೀಚೆಯ ಎರಡು ಬೆರಳನ್ನು ಮಾತ್ರ ಪಕ್ಕದ ಮನೆಗೆ ಏರಿಸಿ: ಬಿಳಿ 3, ಬಿಳಿ 5, ಬಿಳಿ 7. ವಾಪಸ್ ಮೊದಲಿನದಕ್ಕೆ. ಮತ್ತೆ ಎರಡನೆಯದಕ್ಕೆ. ಐದಾರು ಸಲ ಮಾಡಿ, ಹಾರ್ಮೋನಿಯಂನ ತಿದಿಯನ್ನು ಆದಷ್ಟು ಮೆಲ್ಲಗೆ ಒತ್ತುತ್ತ. ಯಾವುದು ಮನೆ, ಯಾವುದು ಹೊರಗೆ ಅಂತ ಹೇಳುವುದಕ್ಕೆ ಆಗುವುದಿಲ್ಲ. ಮಧ್ಯದ ಬಿಳಿ 5 ಎರಡಕ್ಕೂ ಸೇರಿದ್ದು. ಉಳಿದವು ಉಯ್ಯಾಲೆ.

ಈಗ ಹಾರ್ಮೋನಿಯಂ ಮುಚ್ಚಿ, ಹೆಡ್‌ಫೋನ್ ಹಾಕಿ.

ಮೊದಲ ಭಾಗ, ಸುಮಾರು ಎಂಟು ನಿಮಿಷ

ಪೀಠಿಕೆ ಗೀಠಿಕೆ ಇಲ್ಲ. ನೀವು ಕೂರುವ ಮುಂಚೆಯೇ ಜಗಳ ಶುರುವಾಗಿರುತ್ತದೆ. ಮೊದಲ ಒಂದೆರಡು ನಿಮಿಷ ಏನನ್ನೂ ಹಿಡಿಯಲು ಹೋಗಬೇಡಿ. ಆಮೇಲೆ ಒಂದು ಕುಂಟು ನಡಿಗೆ ಬರುತ್ತದೆ. ಒಂದೊಂದು ಹೊಡೆತವೂ ಮೂರು ತುಂಡು, ನಮ್ಮ ತಿಶ್ರ ನಡೆಯ ಹಾಗೆ. ಒತ್ತು ಮಾತ್ರ ಬೀಳಬಾರದ ಕಡೆ ಬೀಳುತ್ತಿರುತ್ತದೆ. ಇಲ್ಲಿ ತಾಳ ಹಾಕಿ ನೋಡಿ. ಎರಡು ಮೂರು ಸಲ ತಪ್ಪುತ್ತದೆ. ತಪ್ಪಲಿ.

ಅದರ ಮೇಲೆ ತಂತಿವಾದ್ಯಗಳು ಒಂದು ಹಾಡು ಹಿಡಿಯುತ್ತವೆ. ಜನಪದದ ವಾಸನೆ ಇರುವ, ಉದ್ದನೆಯ, ಗುನುಗಬಹುದಾದ ಹಾಡು. ಅದನ್ನು ಗುರುತಿಟ್ಟುಕೊಳ್ಳಿ. ಭಾಗದ ಕೊನೆಗೆ ಬಿರುಗಾಳಿ ಇನ್ನೊಮ್ಮೆ ಬೀಸಿ ಹೋದ ಮೇಲೆ ಅದೇ ಹಾಡು ಪಿಟೀಲುಗಳಲ್ಲಿ, ಕೆಳಗೆ ತಂತಿ ಮೀಟುವ ಹಾರ್ಪ್ ಇಟ್ಟುಕೊಂಡು, ಇ ಮೇಜರ್‌ನಲ್ಲಿ ಬರುತ್ತದೆ. ಅಂದರೆ ನಮ್ಮ ಶಂಕರಾಭರಣದ ಸ್ವರಗಳು. ಇಡೀ ಸಿಂಫನಿಯಲ್ಲಿ ಬಿಸಿಲು ಬೀಳುವುದು ಇಲ್ಲಿ ಮಾತ್ರ. ಬ್ರಿಟನ್ನಿನಲ್ಲಿ 1970ರಲ್ಲಿ ಶುರುವಾದ ಯುದ್ಧಕಾಲದ ಟಿವಿ ಧಾರಾವಾಹಿಯೊಂದು ಈ ಹಾಡನ್ನೇ ಶೀರ್ಷಿಕೆ ಸಂಗೀತ ಮಾಡಿಕೊಂಡಿತ್ತು. ಹಾಗಾಗಿ ಸಿಂಫನಿಯ ಹೆಸರೇ ಗೊತ್ತಿಲ್ಲದ ಎಷ್ಟೋ ಜನ ಅಲ್ಲಿ ಇದನ್ನು ಗುನುಗುತ್ತಿದ್ದರು.

ಆ ಬಿಸಿಲು ಬಹಳ ಹೊತ್ತು ನಿಲ್ಲುವುದಿಲ್ಲ. ಕೊನೆಯಲ್ಲಿ ಮತ್ತೆ ಇ ಮೈನರ್ ಎರಗುತ್ತದೆ. ಇದು ಇ ಮೈನರ್ ಸಿಂಫನಿ ಅಂತ ನೆನಪು ಮಾಡುವುದಕ್ಕಂತೆ. ಹಾಗೆ ಬರೆದುಕೊಂಡವರು ಅವರೇ.

ಎರಡನೇ ಭಾಗ: ಆ ಮೂರು ಸದ್ದು

ಮೊದಲ ಭಾಗದ ಕೊನೆಯ ಸ್ವರ ಇನ್ನೂ ಕೆಳಗೆ ಎಳೆಯುತ್ತಿರುವಾಗಲೇ ಎರಡನೆಯದು ಬಿಳಿ 3ರಿಂದ ಕರಿ 5ಕ್ಕೆ ಹಾರುತ್ತದೆ. ಸ ಇಂದ ಪ್ರತಿ ಮಧ್ಯಮಕ್ಕೆ ಇರುವಷ್ಟು ದೂರ. ತಂಬೂರಿಯ ಶ್ರುತಿಯನ್ನು ಯಾರೋ ಬೇಕಂತಲೇ ಬದಲಾಯಿಸಿದ ಹಾಗೆ.

ಇಲ್ಲಿ ಕಾಯಬೇಕಾದ್ದು ಒಂದೇ. ಸ್ವಲ್ಪ ಹೊತ್ತಿನ ಮೇಲೆ ದೂರದಿಂದ ಟ್ರಂಪೆಟ್ ಮತ್ತು ಡ್ರಮ್ 'ತಕ ತಾಂ' ಅನ್ನುತ್ತವೆ. ಎರಡು ಗಿಡ್ಡ, ಒಂದು ಉದ್ದ. ಮೊದಲು ಬೀದಿಯ ಆ ತುದಿಯಲ್ಲಿ. ಮತ್ತೆ ತಕ ತಾಂ. ಬೇರೆ ವಾದ್ಯಗಳು ತಮ್ಮ ಪಾಡಿಗೆ ಎಲ್ಲೋ ಹೋಗುತ್ತಿರುತ್ತವೆ, ಇದು ಮಾತ್ರ ಜಾಗ ಬಿಡುವುದಿಲ್ಲ. ಸಾಲದವನು ಬಾಗಿಲು ಬಡಿದ ಹಾಗೆ, ಒಂದೇ ಸ್ವರ, ಒಂದೇ ಲಯ. ಒಂದು ಹಂತದಲ್ಲಿ ಇಡೀ ಕೋಣೆ ಅದೇ ಆಗಿಬಿಡುತ್ತದೆ. ನೀವು ಎದ್ದು ಓಡಾಡಿದರೂ ತಪ್ಪಿಲ್ಲ. ನಾನು ಓಡಾಡಿದ್ದೇನೆ.

ಎಲ್ಲ ಇಳಿದ ಮೇಲೆ ಒಂಟಿ ವಾದ್ಯವೊಂದು ಹಾಡುತ್ತದೆ. ಅದು ಕೋರ್ ಆಂಗ್ಲೇ. ಎರಡು ರೀಡಿನ ವಾದ್ಯ. ಆ ಲೆಕ್ಕದಲ್ಲಿ ನಾಗಸ್ವರಕ್ಕೆ ದೂರದ ನೆಂಟ. ಅದರ ಕೆಳಗೆ ಡ್ರಮ್ಮು ಇನ್ನೂ ಮೆಲ್ಲಗೆ ತಕ ತಾಂ ಅನ್ನುತ್ತಲೇ ಇರುತ್ತದೆ.

ಮೂರನೆಯದರಲ್ಲಿ ಸ್ಯಾಕ್ಸೋಫೋನ್ ಹುಡುಕಿ

ಆರೇಳು ನಿಮಿಷದ ಗದ್ದಲ. ವಾದ್ಯಗಳು ಒಂದೊಂದಾಗಿ ಒಂದು ರಾಗ ಹಿಡಿಯಲು ಹೋಗಿ ಗುರಿ ತಪ್ಪುತ್ತವೆ, ಕೊನೆಗೊಂದು ಹಿಡಿಯುತ್ತದೆ. ಆಮೇಲೆ ಒಬ್ಬರ ಹಿಂದೆ ಒಬ್ಬರು ಅಟ್ಟಿಸಿಕೊಂಡು ಹೋಗುವುದು. ನನಗೆ ಇದು ನಾಲ್ಕರಲ್ಲಿ ಕಡಿಮೆ ಇಷ್ಟದ ಭಾಗ. ಜಾಣತನ ಸ್ವಲ್ಪ ಜಾಸ್ತಿಯಾಯಿತು ಅನ್ನಿಸುತ್ತದೆ.

ಆದರೆ ಮಧ್ಯದಲ್ಲಿ ಟೆನರ್ ಸ್ಯಾಕ್ಸೋಫೋನ್ ಬರುತ್ತದೆ. ಸಿಂಫನಿಗಳಲ್ಲಿ ಸ್ಯಾಕ್ಸೋಫೋನ್ ಅಪರೂಪ. ಹೋಟೆಲ್ ಬ್ಯಾಂಡಿನಿಂದ ದಾರಿ ತಪ್ಪಿ ಬಂದವನ ಹಾಗೆ, ಸ್ವಲ್ಪ ಜಿಡ್ಡು ಹಿಡಿದ ಹಾಡು. ಇದಕ್ಕೊಂದು ಕಥೆ ಹೇಳುವವರಿದ್ದಾರೆ. 1941ರ ಮಾರ್ಚ್ 8ರ ರಾತ್ರಿ ಲಂಡನ್ನಿನ ಕಫೆ ಡಿ ಪ್ಯಾರಿಸ್ ಮೇಲೆ ಬಾಂಬು ಬಿತ್ತು. ನೆಲಮಾಳಿಗೆ, ಏನೂ ಆಗುವುದಿಲ್ಲ ಅಂತ ಜನ ಕುಣಿಯುತ್ತಿದ್ದ ಜಾಗ. ವೇದಿಕೆಯ ಮೇಲಿದ್ದ ಬ್ಯಾಂಡಿನ ನಾಯಕ ಕೆನ್ ಜಾನ್ಸನ್ ಸತ್ತರು. ಮೂವತ್ತಕ್ಕೂ ಹೆಚ್ಚು ಜನ ಹೋದರು. ಆ ರಾತ್ರಿಯ ನೆನಪೇ ಈ ಸ್ಯಾಕ್ಸೋಫೋನ್ ಅನ್ನುವುದು ಆ ಕಥೆ. ಕೊನೆಗೆ ಇದೇ ಹಾಡನ್ನು ಇಡೀ ಆರ್ಕೆಸ್ಟ್ರಾ ಮೆರವಣಿಗೆ ಹೊರಡಿಸುತ್ತದೆ. ಕೇಳಿದರೆ ಸಂಭ್ರಮ ಅನ್ನಿಸುವುದಿಲ್ಲ.

ಕೊನೆಯ ಭಾಗ

ಇದಕ್ಕೆ ಎಪಿಲಾಗ್, ಅಂದರೆ ಉಪಸಂಹಾರ, ಅಂತ ಹೆಸರು. ಇಲ್ಲಿ ಮಾಡಬೇಕಾದ್ದು ಏನೂ ಇಲ್ಲ, ಕಣ್ಣು ಮುಚ್ಚಿ ಕೂರುವುದು.

ಶುರುವಿನಿಂದ ಕೊನೆಯವರೆಗೆ ತುಂಬಾ ಮೆಲ್ಲಗೆ ನುಡಿಸಬೇಕು, ಎಲ್ಲೂ ಏರಿಸಬಾರದು ಅಂತ ಅವರ ಸೂಚನೆ. ವಾದಕರಿಗೆ ಇದು ಎಷ್ಟು ಕಷ್ಟ ಅಂತ ಯೋಚಿಸಿ. ಇಷ್ಟು ಹೊತ್ತು ಎದೆಯೊಡ್ಡಿ ಊದಿದ ಬಾಯಿಂದಲೇ ಈಗ ಹಬೆಯಷ್ಟು ಉಸಿರು ಬಿಡಬೇಕು. ಭಾವ ಸಹಜವಾಗಿ ಏರುವ ಕಡೆ ಪಿಟೀಲಿನ ಬಿಲ್ಲನ್ನು ತಡೆದು ಹಿಡಿಯಬೇಕು. ಪಿಟೀಲುಗಳು ಒಂದು ಎಳೆ ತೆಗೆದುಕೊಳ್ಳುತ್ತವೆ, ಅದು ಇನ್ನೊಂದಕ್ಕೆ ದಾಟುತ್ತದೆ, ಎಲ್ಲೂ ತಂಗುವುದಿಲ್ಲ. ರಾಗ ಅನ್ನುವಷ್ಟು ಗಟ್ಟಿ ಏನೂ ಇಲ್ಲ. ರಾಗದ ವಾಸನೆ ಆಗಾಗ ಗಾಳಿಯಲ್ಲಿ ತೇಲಿ ಬಂದ ಹಾಗೆ.

ಒಮ್ಮೆ ಮನೆಯಲ್ಲಿ ಸ್ಪೀಕರಿನಲ್ಲಿ ಹಾಕಿಕೊಂಡು ಕೂತಿದ್ದೆ. ಮೂರನೇ ಭಾಗದ ತನಕ "ಏನೋ ಅದು ಗಲಾಟೆ" ಅಂತ ಅಡುಗೆಮನೆಯಿಂದ ಬೈಯುತ್ತಿದ್ದ ಅಮ್ಮ ಇಲ್ಲಿಗೆ ಬರುವಾಗ ಹೊರಗೆ ಬಂದು ನಿಂತರು. "ನಿಂತೋಯ್ತಾ?" ಅಂದರು. ಇಲ್ಲಮ್ಮ, ನಡೀತಿದೆ ಅಂದೆ. ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಸ್ವಲ್ಪ ಹೊತ್ತು ಹಾಗೇ ನಿಂತಿದ್ದರು. ಆಮೇಲೆ ಲೈಟ್ ಆರಿಸಿ ಹೋದರು. ಯಾಕೆ ಆರಿಸಿದರೋ ಕೇಳಲಿಲ್ಲ.

ಕೊನೆಗೆ ಓಬೋ, ಅದೂ ಎರಡು ರೀಡಿನ ಊದುವ ವಾದ್ಯವೇ, ಒಂಟಿಯಾಗಿ ಎರಡು ಮಾತಾಡುತ್ತದೆ. ಆಮೇಲೆ ತಂತಿವಾದ್ಯಗಳಲ್ಲಿ ನಿಮ್ಮ ಹಾರ್ಮೋನಿಯಂನ ಆ ಎರಡು ಕಾರ್ಡ್‌ಗಳು. ಕರಿ 2, ಬಿಳಿ 5, ಕರಿ 5. ಬಿಳಿ 3, ಬಿಳಿ 5, ಬಿಳಿ 7. ಹೋಗುತ್ತದೆ, ಬರುತ್ತದೆ. ಒಂದು ಹೊತ್ತಿನಲ್ಲಿ ನಿಂತಿರುತ್ತದೆ. ಬೆರಳಿಗೆ ಗೊತ್ತಿರುವುದರಿಂದ ನಿಮಗೆ ಅದು ಬರುವಾಗಲೇ ಗುರುತು ಸಿಗುತ್ತದೆ. ನಿಂತದ್ದು ಇ ಮೈನರ್ ಮೇಲೆ. ಶ್ರುತಿ ಕಾಗದದಲ್ಲಿ ಸರಿಹೋಗಿದೆ. ಕಿವಿಯಲ್ಲಿ ಮಾತ್ರ ಉಯ್ಯಾಲೆ ನಿಂತಿರುವುದಿಲ್ಲ.

ತಕ್ಷಣ ಮುಂದಿನ ಹಾಡು ತಾನಾಗಿ ಶುರುವಾಗದ ಹಾಗೆ ಆಟೋಪ್ಲೇಯನ್ನೂ ಮೊದಲೇ ಆಫ್ ಮಾಡಿಟ್ಟಿರಿ. ಇದನ್ನು ಆಗಲೇ ಹೇಳಬೇಕಿತ್ತು.

ಯುದ್ಧದ ಕಥೆ ಓದಬೇಕೇ?

ಮೊದಲ ಸಲ ಕೇಳುವ ಮುಂಚೆ ಬೇಡ. ಬರೆದದ್ದು 1944ರಿಂದ 1947ರ ನಡುವೆ. ಹಾಗಾಗಿ ಯುದ್ಧದ ಸಿಂಫನಿ ಅಂತ ಆಗಲೇ ಹೆಸರು ಬಿತ್ತು. ಕೊನೆಯ ಭಾಗ ಅಣುಬಾಂಬ್ ಬಿದ್ದ ಮೇಲಿನ ಭೂಮಿ ಅಂತಲೂ ಹೇಳಿದರು. ವಾನ್ ವಿಲಿಯಮ್ಸ್‌ಗೆ ಇದು ಕೇಳಿ ಸಿಟ್ಟು. ಒಬ್ಬ ಮನುಷ್ಯನಿಗೆ ಸುಮ್ನೆ ಒಂದು ಸಂಗೀತ ಬರೆಯಬೇಕು ಅಂತಲೂ ಅನ್ನಿಸಬಹುದು, ಅದು ಯಾರಿಗೂ ಹೊಳೆಯುವುದೇ ಇಲ್ಲ ಅನ್ನುವುದು ಅವರ ಗೊಣಗು.

ನಾನು ಅವರ ಮಾತನ್ನು ಅರ್ಧ ಮಾತ್ರ ನಂಬುತ್ತೇನೆ. 1914ರಲ್ಲಿ 42ನೇ ವಯಸ್ಸಿಗೆ ತಾವಾಗಿ ಸೈನ್ಯ ಸೇರಿ, ಫ್ರಾನ್ಸಿನಲ್ಲಿ ಗಾಯಾಳುಗಳನ್ನು ಹೊತ್ತ ಮನುಷ್ಯ. ಆಮೇಲೆ ಫಿರಂಗಿ ದಳ. ಆ ಸದ್ದಿಗೆ ಕಿವಿಯೂ ಕೆಟ್ಟಿತು. ಅಂಥವರು ಬರೆದ 'ತಕ ತಾಂ' ಸುಮ್ನೆ ಬಂತು ಅಂದರೆ ಹೇಗೆ?

1956ರಲ್ಲಿ ಒಂದು ಪತ್ರದಲ್ಲಿ ಅವರೇ ಒಂದು ಸುಳಿವು ಕೊಟ್ಟರು. ಕೊನೆಯ ಭಾಗಕ್ಕೆ ಹತ್ತಿರದ ಮಾತು ಅಂತ ಏನಾದರೂ ಇದ್ದರೆ ಅದು ಷೇಕ್ಸ್‌ಪಿಯರ್‌ನ 'ದಿ ಟೆಂಪೆಸ್ಟ್' ನಾಟಕದ ಮಾಂತ್ರಿಕ ಪ್ರಾಸ್ಪೆರೋ ಆಡುವುದು ಅಂದರು. ಕನಸು ಯಾವುದರಿಂದ ಆಗಿದೆಯೋ ನಾವೂ ಅದರಿಂದಲೇ ಆದವರು, ನಮ್ಮ ಪುಟ್ಟ ಬಾಳನ್ನು ನಿದ್ದೆ ಸುತ್ತಿಕೊಂಡಿದೆ ಅನ್ನುವ ಸಾಲು. ಅದೇ ಸಾಲುಗಳಿಗೆ ಅವರು 1951ರಲ್ಲಿ ವಾದ್ಯಗಳಿಲ್ಲದ ಗಾಯನವೃಂದಕ್ಕೆ ಒಂದು ಪುಟ್ಟ ಹಾಡು ಕಟ್ಟಿದ್ದರು. ಎರಡು ಮೂರು ನಿಮಿಷದ್ದು. 'ಮೂರು ಷೇಕ್ಸ್‌ಪಿಯರ್ ಹಾಡುಗಳು' ಅಂತ ಇಂಗ್ಲಿಷಿನಲ್ಲಿ ಹುಡುಕಿ, ಎರಡನೆಯದನ್ನು ಕೇಳಿ. ದೂರದ ಕಾರ್ಡ್‌ಗಳು ಅಕ್ಕಪಕ್ಕ ಬಂದು ಕೂರುವುದು ಅಲ್ಲೂ ಇದೆ.

ಎರಡನೆಯ ಸಲ

ಒಂದು ವಾರ ಬಿಡಿ. ಆಮೇಲೆ ನಾಲ್ಕನೇ ಭಾಗವನ್ನು ಮಾತ್ರ ಕೇಳಿ. ಅದು ಅರ್ಥವೇ ಆಗದೆ ಬೇಜಾರಾಗುತ್ತದೆ. ಮೊದಲ ಮೂರರ ಪೆಟ್ಟು ತಿನ್ನದೆ ಆ ಮೌನಕ್ಕೆ ಬೆಲೆ ಇಲ್ಲ ಅಂತ ಆಗ ಗೊತ್ತಾಗುತ್ತದೆ. ಮಾರನೆ ದಿನ ಪೂರ್ತಿ ಕೇಳಿ.

ಇಷ್ಟವಾದರೆ ಇದೇ ಜಾತಿಯ ಇನ್ನೆರಡಿವೆ. ಅವರದೇ ನಾಲ್ಕನೇ ಸಿಂಫನಿ, 1935ರದು, ಇದಕ್ಕಿಂತ ಒರಟು. ಅದೇ ವರ್ಷ ಪೂರ್ತಿಯಾಗಿ ನುಡಿಸಲ್ಪಟ್ಟ ವಿಲಿಯಮ್ ವಾಲ್ಟನ್‌ರ ಮೊದಲ ಸಿಂಫನಿಯಲ್ಲಿ ಸಿಟ್ಟು ಇದೆ, ಆದರೆ ಕೊನೆಗೆ ಬಾಗಿಲು ತೆರೆಯುತ್ತದೆ.

ಆರನೆಯದರದ್ದೇ ಇನ್ನೊಂದು ರೆಕಾರ್ಡಿಂಗ್ ಹೇಳದೆ ಬಿಟ್ಟಿದ್ದೆ. 1953ರ ಕೊನೆಯಲ್ಲಿ ಬೌಲ್ಟ್ ಲಂಡನ್ ಫಿಲ್‌ಹಾರ್ಮೋನಿಕ್ ಜೊತೆ ಡೆಕ್ಕಾ ಕಂಪನಿಗೆ ಮಾಡಿದ್ದು. ವಾನ್ ವಿಲಿಯಮ್ಸ್ ಅಲ್ಲೇ ಕೂತು ಕೇಳುತ್ತಿದ್ದರು. ಸಂಗೀತ ಮುಗಿದ ಮೇಲೆ ಅವರು ವಾದಕರಿಗೆ ಥ್ಯಾಂಕ್ಸ್ ಹೇಳುವ ಪುಟ್ಟ ಭಾಷಣವೂ ಆ ರೆಕಾರ್ಡಿನಲ್ಲಿ ಇದೆ. 81 ದಾಟಿದ ದನಿ. ಸಿಂಫನಿ ಕೇಳಿ ಮುಗಿಸಿ, ಫ್ಯಾನ್ ಹಾಕುವ ಮುಂಚೆ ಅದನ್ನು ಕೇಳಿ.